ಏರಿನಲ್ಲಿ ನಿಂತುಬಿಡುವ ಹಳೆಯ ಗಾಡಿ: ಕಾರ್ಬುರೇಟರ್ ಯಾವಾಗ ಉಕ್ಕುತ್ತದೆ, ಯಾವಾಗ ಒಣಗುತ್ತದೆ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗಟ್ಟಲೆ ತಕರಾರಿಲ್ಲದೆ ಓಡಿದ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿ, ಕಲ್ಲುಬಂಡೆಗಳ ಏರೊಂದನ್ನು ಅರ್ಧ ಹತ್ತಿದ ಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಮೂಗಿಗೆ ರಾಚುತ್ತದೆ. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಪ್ರಯತ್ನಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗಿ, ಕಪ್ಪು ಹೊಗೆಯುಗುಳಿ ಮುಂದೆ ಹೊರಡುತ್ತದೆ. ಹಳೆಯ ಗಾಡಿಯನ್ನು ಆಸೆಪಟ್ಟು ಕೊಂಡವರಲ್ಲಿ ಅನೇಕರು ಫ್ಯೂಯಲ್ ಇಂಜೆಕ್ಷನ್ ಕಾಲದಲ್ಲಿ ಚಾಲನೆ ಕಲಿತವರು. ಅವರ ಪಾಲಿಗೆ ಕಾರ್ಬುರೇಟರ್ ಎಂಬುದು ಹೆಸರು ಮಾತ್ರ ಗೊತ್ತಿರುವ ಲೋಹದ ಡಬ್ಬಿ. ಅದು ಕೆಟ್ಟಾಗ ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ತಿರುಗಿಸಿ, ಇದ್ದ ತೊಂದರೆಯ ಜತೆಗೆ ಇನ್ನೆರಡನ್ನು ಸೇರಿಸಿಕೊಳ್ಳುವುದೇ ಹೆಚ್ಚು.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇಂಜಿನ್ ಯಾವ ಹೊತ್ತಿನಲ್ಲಿ ನಿಂತಿತು ಎಂಬುದನ್ನು ಗಮನಿಸಬೇಕು. ತಣ್ಣಗಿದ್ದಾಗಲೋ ಕಾದ ಮೇಲೋ, ಏರಿನಲ್ಲೋ ಇಳಿಜಾರಿನಲ್ಲೋ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಎಂಬ ಈ ವಿವರಗಳೇ ಹುಡುಕಬೇಕಾದ ಜಾಗವನ್ನು ಬಹುಮಟ್ಟಿಗೆ ತೋರಿಸಿಕೊಡುತ್ತವೆ. ಅದು ಹೇಗೆಂದು ತಿಳಿಯಲು ಆ ಡಬ್ಬಿಯ ಒಳಗೆ ನಡೆಯುವುದೇನೆಂದು ಮೊದಲು ನೋಡಬೇಕು.

ಗಾಳಿಗೆ ಪೆಟ್ರೋಲ್ ಬೆರೆಸುವ ಕೆಲಸ

ಪೆಟ್ರೋಲ್ ದ್ರವರೂಪದಲ್ಲಿ ಇಂಜಿನ್ನಿನೊಳಗೆ ಉರಿಯುವುದಿಲ್ಲ. ಸಣ್ಣ ಹನಿಗಳಾಗಿ ಒಡೆದು, ಆವಿಯಾಗಿ, ಗಾಳಿಯೊಂದಿಗೆ ಹದವಾಗಿ ಬೆರೆತಾಗ ಮಾತ್ರ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಂದು ತೂಕ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಇದು ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ ಎಂದಾಗ, ಈ ಉಪಕರಣ ಎಷ್ಟು ಸಣ್ಣ ಪ್ರಮಾಣವನ್ನು ಅಳೆದು ಕೊಡುತ್ತಿದೆ ಎಂಬುದು ಅರಿವಾಗುತ್ತದೆ. ಪೆಟ್ರೋಲ್ ಹೆಚ್ಚಾದ ಮಿಶ್ರಣವನ್ನು ರಿಚ್ ಎಂದೂ ಕಡಿಮೆಯಾದದ್ದನ್ನು ಲೀನ್ ಎಂದೂ ಕರೆಯುತ್ತಾರೆ. ಯಾವುದು ಮಿತಿಮೀರಿದರೂ ಇಂಜಿನ್ ನಿಲ್ಲುತ್ತದೆ.

ಕಾರ್ಬುರೇಟರಿನ ಗಾಳಿಯ ಕೊಳವೆ ನಡುವೆ ಸಪೂರವಾಗಿರುತ್ತದೆ. ಈ ಕಿರಿದಾದ ಭಾಗವೇ ವೆಂಚುರಿ. ಅಗಲವಾದ ಕಾಲುವೆಯ ನೀರು ಇಕ್ಕಟ್ಟಾದ ಜಾಗದಲ್ಲಿ ರಭಸವಾಗಿ ಹರಿಯುವಂತೆ ಇಲ್ಲಿ ಗಾಳಿಯ ವೇಗ ಹೆಚ್ಚಿ, ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾತಾವರಣದ ಒತ್ತಡ ಹಾಗೆಯೇ ಇರುವುದರಿಂದ, ಅದು ಪೆಟ್ರೋಲನ್ನು ಜೆಟ್ ಎಂಬ ಅಳತೆಯ ತೂತಿನ ಮೂಲಕ ವೆಂಚುರಿಯ ಕಡೆಗೆ ತಳ್ಳುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನಡೆಯುವುದೂ ಇದೇ. ಇಂಜಿನ್ ಹೆಚ್ಚು ಗಾಳಿಯೆಳೆದಷ್ಟೂ ಹೆಚ್ಚು ಪೆಟ್ರೋಲ್ ಬರುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇದರ ಚೆಲುವು ಇರುವುದು ಇಲ್ಲಿಯೇ, ದೌರ್ಬಲ್ಯವೂ ಇಲ್ಲಿಯೇ.

ಬಟ್ಟಲು, ಫ್ಲೋಟ್ ಮತ್ತು ನೀಡಲ್

ಮೇಲಿನ ಏರ್ಪಾಡು ಸರಿಯಾಗಿ ನಡೆಯಬೇಕಾದರೆ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಸದಾ ಒಂದೇ ಸಮನಾಗಿರಬೇಕು. ಆ ಕೆಲಸಕ್ಕೆ ಇರುವುದು ಫ್ಲೋಟ್. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಕಂಡವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ: ಮಟ್ಟ ಏರಿದಂತೆ ಫ್ಲೋಟ್ ತೇಲಿ ಮೇಲೆದ್ದು, ತನ್ನ ತೋಳಿನಿಂದ ನೀಡಲ್ ಎಂಬ ಮೊನಚಾದ ತುಂಡನ್ನು ಸೀಟ್ ಎಂಬ ರಂಧ್ರಕ್ಕೆ ಒತ್ತಿ ಹಿಡಿದು ಪಂಪಿನಿಂದ ಬರುವ ಪೆಟ್ರೋಲನ್ನು ತಡೆಯುತ್ತದೆ, ಮಟ್ಟ ಇಳಿದರೆ ದಾರಿ ಬಿಡುತ್ತದೆ.

ಪೆಟ್ರೋಲ್ ವೆಂಚುರಿಗೆ ಬಂದು ಬೀಳುವ ನಳಿಕೆಯ ತುದಿ, ಬಟ್ಟಲಿನ ಮಟ್ಟಕ್ಕಿಂತ ಕೆಲವೇ ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಮಟ್ಟ ಅಷ್ಟು ಏರಿತೆಂದರೆ ಸಾಕು, ಗಾಳಿಯ ಎಳೆತಕ್ಕೂ ಕಾಯದೆ ಪೆಟ್ರೋಲ್ ತಾನಾಗಿಯೇ ಇಂಜಿನ್ನಿನೊಳಕ್ಕೆ ಸೋರತೊಡಗುತ್ತದೆ. ಗ್ಯಾರೇಜುಗಳಲ್ಲಿ ಓವರ್‌ಫ್ಲೋ ಎನ್ನುವುದು ಇದನ್ನೇ.

ಗಾಡಿ ವಾಲಿದಾಗ ಬಟ್ಟಲಿನೊಳಗೆ ಏನಾಗುತ್ತದೆ

ಗಾಡಿ ಎಷ್ಟೇ ವಾಲಲಿ, ನಿಂತ ಗಾಡಿಯೊಳಗಿನ ದ್ರವದ ಮೇಲ್ಮೈ ಮಾತ್ರ ಸಮತಟ್ಟಾಗಿಯೇ ಉಳಿಯುತ್ತದೆ. 6 ಸೆಂಟಿಮೀಟರ್ ಉದ್ದದ ಬಟ್ಟಲೊಂದು 30 ಡಿಗ್ರಿ ವಾಲಿದರೆ, ಅದರ ಎರಡು ತುದಿಗಳ ನಡುವೆ ಪೆಟ್ರೋಲಿನ ಎತ್ತರದಲ್ಲಿ ಸುಮಾರು 3.5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಒಂದೆರಡು ಮಿಲಿಮೀಟರ್ ನಿಖರತೆಯ ಮೇಲೆ ನಿಂತಿರುವ ಉಪಕರಣಕ್ಕೆ ಇದು ಸಣ್ಣ ಮಾತಲ್ಲ. ಇದರ ಮೇಲೆ ಗಾಡಿಯ ಕುಲುಕಾಟಕ್ಕೆ ಫ್ಲೋಟ್ ಕುಣಿದು ನೀಡಲ್ ಬಿಟ್ಟುಬಿಟ್ಟು ತೆರೆಯುವುದು, ಪೆಟ್ರೋಲ್ ತುಳುಕಿ ಗಾಳಿಯ ಕಿಂಡಿಯಿಂದ ಒಳಕ್ಕೆ ಚೆಲ್ಲುವುದು ಬೇರೆ.

ಯಾವ ದಿಕ್ಕಿಗೆ ವಾಲಿದರೆ ಯಾವ ತೊಂದರೆ ಎಂಬುದು ಬಟ್ಟಲು ಇರುವ ಜಾಗವನ್ನು ಅವಲಂಬಿಸಿದೆ. ಬಟ್ಟಲು ವೆಂಚುರಿಯ ಮುಂದುಗಡೆ, ಅಂದರೆ ರೇಡಿಯೇಟರಿನ ಕಡೆಗೆ, ಇದ್ದರೆ ಗಾಡಿ ಏರು ಹತ್ತುವಾಗ ಬಟ್ಟಲು ನಳಿಕೆಗಿಂತ ಎತ್ತರಕ್ಕೆ ಹೋಗಿ ಪೆಟ್ರೋಲ್ ಉಕ್ಕುತ್ತದೆ. ಅದೇ ಗಾಡಿ ಇಳಿಯುವಾಗ ಬಟ್ಟಲು ಕೆಳಗಾಗಿ ಮಿಶ್ರಣ ಲೀನ್ ಆಗುತ್ತದೆ. ಬಟ್ಟಲು ಹಿಂದುಗಡೆ ಇದ್ದರೆ ಇದರ ತದ್ವಿರುದ್ಧ. ಎಡಕ್ಕೋ ಬಲಕ್ಕೋ ಇದ್ದರೆ ಗಾಡಿ ಆ ಪಕ್ಕಕ್ಕೆ ವಾಲಿದಾಗ ಒಂದು ಬಗೆ, ಇನ್ನೊಂದು ಪಕ್ಕಕ್ಕೆ ವಾಲಿದಾಗ ಮತ್ತೊಂದು ಬಗೆ. ಆದ್ದರಿಂದ ಗಾಡಿ ಒಂದೇ ದಿಕ್ಕಿನ ವಾಲಿಕೆಯಲ್ಲಿ ನಿಂತು ಸಮತಟ್ಟಿಗೆ ಬಂದೊಡನೆ ಸುಧಾರಿಸಿಕೊಂಡರೆ, ಜೆಟ್ಟುಗಳನ್ನು ಬಿಚ್ಚಿ ತೊಳೆಯುವ ಮೊದಲು ಫ್ಲೋಟಿನ ಮಟ್ಟವನ್ನೇ ಅನುಮಾನಿಸುವುದು ಜಾಣತನ. ಮಟ್ಟವನ್ನು ತಯಾರಕರು ಹೇಳಿದ ಅಳತೆಗೆ ತಂದು, ಆಮೇಲೂ ಏರಿನಲ್ಲಿ ಉಕ್ಕುತ್ತಿದ್ದರೆ ಒಂದೆರಡು ಮಿಲಿಮೀಟರ್ ತಗ್ಗಿಸುವುದು ಕಾಡುದಾರಿಯವರು ಮೊದಲಿನಿಂದಲೂ ಮಾಡಿಕೊಂಡು ಬಂದ ಉಪಾಯ. ಅತಿಯಾಗಿ ತಗ್ಗಿಸಿದರೆ ಹೆಚ್ಚು ವೇಗದಲ್ಲಿ ಪೆಟ್ರೋಲ್ ಸಾಲದೆ ಬರುತ್ತದೆ.

ಕೆಲವು ಕಾರ್ಬುರೇಟರುಗಳು ಹುಟ್ಟಿನಿಂದಲೇ ವಾಲಿಕೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಜೀಪ್ ಸಿಜೆ ಗಾಡಿಗಳ 4.2 ಲೀಟರಿನ ಆರು ಸಿಲಿಂಡರ್ ಇಂಜಿನ್ನಿಗೆ ಬರುತ್ತಿದ್ದ ಕಾರ್ಟರ್ ಬಿಬಿಡಿ ಕಾರ್ಬುರೇಟರನ್ನು ತೆಗೆದು ಮೋಟರ್‌ಕ್ರಾಫ್ಟ್ 2100 ಕೂರಿಸುವ ಪದ್ಧತಿ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಆದರೆ ಇರುವುದನ್ನು ಸರಿಯಾಗಿ ಪರೀಕ್ಷಿಸದೆ ಹೊಸದಕ್ಕೆ ಕೈಹಾಕುವುದು ಅವಸರದ ಕೆಲಸ. ಎಷ್ಟೋ ಸಲ ಹಳೆಯ ತೊಂದರೆ ಹೊಸ ಕಾರ್ಬುರೇಟರಿನಲ್ಲಿಯೂ ಮುಂದುವರಿಯುತ್ತದೆ, ಏಕೆಂದರೆ ಅದರ ಮೂಲ ಪಂಪಿನಲ್ಲೋ ಟ್ಯಾಂಕಿನಲ್ಲೋ ಇರುತ್ತದೆ.

ಹೆಚ್ಚಾಯಿತೇ, ಸಾಲದಾಯಿತೇ?

ಇಂಜಿನ್ ನಿಂತ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಉತ್ತರ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿದೆ. ಪ್ಲಗ್ ಬಿಚ್ಚಿದಾಗ ತುದಿ ಒದ್ದೆಯಾಗಿ, ಮಸಿ ಹಿಡಿದು, ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿಯೇ ಬರುತ್ತಿಲ್ಲ. ಒಣಗಿ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದಾಗಿದೆ. ನಿಲ್ಲುವ ಮುಂಚಿನ ನಡವಳಿಕೆಯೂ ಸಾಕ್ಷಿ ಹೇಳುತ್ತದೆ: ರಿಚ್ ಆದ ಇಂಜಿನ್ ಭಾರವಾಗಿ, ಗುಡುಗುಡು ಸದ್ದಿನೊಂದಿಗೆ ಕಪ್ಪು ಹೊಗೆ ಬಿಡುತ್ತ ಮುಳುಗುತ್ತದೆ, ಲೀನ್ ಆದದ್ದು ಜಗ್ಗಿಜಗ್ಗಿ, ಕೆಲವೊಮ್ಮೆ ಕಾರ್ಬುರೇಟರಿನ ಬಾಯಿಂದಲೇ ಪಟಾರನೆ ಸಿಡಿದು ನಿಲ್ಲುತ್ತದೆ. ಸಾಯುತ್ತಿರುವ ಇಂಜಿನ್ನಿಗೆ ಚೋಕ್ ಅರ್ಧ ಎಳೆದಾಗ ಚೇತರಿಸಿಕೊಂಡರೆ ಅದು ಲೀನ್. ಇನ್ನೂ ಬೇಗ ನಿಂತರೆ ರಿಚ್. ಚೋಕ್ ಎಂದರೆ ಮೇಲಿನಿಂದ ಬರುವ ಗಾಳಿಯನ್ನು ತಡೆದು ಮಿಶ್ರಣವನ್ನು ರಿಚ್ ಮಾಡುವ ಮುಚ್ಚಳ ಎಂಬುದನ್ನು ನೆನಪಿಟ್ಟರೆ ಇದರ ತರ್ಕ ತಾನಾಗಿ ತಿಳಿಯುತ್ತದೆ.

ಈ ಪರೀಕ್ಷೆಗಳಲ್ಲಿ ತೆರೆದ ಪೆಟ್ರೋಲ್ ಮತ್ತು ಕಿಡಿ ಹತ್ತಿರಹತ್ತಿರ ಇರುತ್ತವೆ. ಬಯಲಿನಲ್ಲಿ, ಇಂಜಿನ್ ತಣಿದ ಮೇಲೆ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಂತಿಟ್ಟು ಕೆಲಸ ಮಾಡಬೇಕು. ಏರ್ ಕ್ಲೀನರ್ ತೆಗೆದಿರುವಾಗ ಮುಖವನ್ನು ಕಾರ್ಬುರೇಟರಿನ ಮೇಲೆ ತಂದು ಸೆಲ್ಫ್ ಹೊಡೆಸಲೇಬಾರದು. ಹಿಂದಕ್ಕೆ ಸಿಡಿಯುವ ಜ್ವಾಲೆಯನ್ನು ಏರ್ ಕ್ಲೀನರ್ ಅಷ್ಟರಮಟ್ಟಿಗೆ ತಡೆಯುತ್ತದೆ.

ಉಕ್ಕುವುದಕ್ಕೆ ಕಾರಣಗಳು

ಮೊದಲನೆಯ ಅಪರಾಧಿ ಕಸ. ಹಳೆಯ ಟ್ಯಾಂಕಿನ ತುಕ್ಕಿನ ಕಣವೊಂದು ನೀಡಲ್ ಮತ್ತು ಸೀಟ್ ನಡುವೆ ಸಿಕ್ಕಿಕೊಂಡರೆ ನೀಡಲ್ ಪೂರ್ತಿ ಮುಚ್ಚದೆ ಬಟ್ಟಲು ತುಂಬಿ ಹರಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದಾಗ ಓವರ್‌ಫ್ಲೋ ನಿಂತರೆ, ಕಸ ಸಿಕ್ಕಿತ್ತು ಅಥವಾ ಫ್ಲೋಟ್ ಹಿಡಿದುಕೊಂಡಿತ್ತು ಎಂದು ಅರ್ಥ. ಇದು ಗುರುತು ಹಿಡಿಯುವ ವಿಧಾನವೇ ಹೊರತು ರಿಪೇರಿಯಲ್ಲ.

ಎರಡನೆಯದು ಸವೆತ. ನೀಡಲನ್ನು ಹೊರತೆಗೆದು ಅದರ ಮೊನೆಯನ್ನು ಬೆಳಕಿಗೆ ಹಿಡಿದರೆ, ಸೀಟ್ ತಾಗುವ ಜಾಗದಲ್ಲಿ ಉಂಗುರದಂತೆ ಸಣ್ಣ ಗೀರು ಕಾಣಬಹುದು. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಡೆಯುತ್ತದೆ. ಆ ಗೀರಿರುವ ನೀಡಲ್ ಸಮತಟ್ಟಿನಲ್ಲಿ ಹೇಗೋ ಮುಚ್ಚಿಕೊಂಡು, ಕುಲುಕಾಟದಲ್ಲಿ ಜಾಗ ತಪ್ಪಿದೊಡನೆ ಸೋರುತ್ತದೆ. ನೀಡಲ್ ಮತ್ತು ಸೀಟನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಜೋಡಿಸಿದ ಮೇಲೆ, ಫ್ಲೋಟ್ ಮೇಲ್ಮುಚ್ಚಳಕ್ಕೇ ತೂಗುಬೀಳುವ ಮಾದರಿಯಾಗಿದ್ದರೆ, ಮುಚ್ಚಳವನ್ನು ತಲೆಕೆಳಗು ಹಿಡಿದು, ಫ್ಲೋಟಿನ ಭಾರವೇ ನೀಡಲನ್ನು ಮುಚ್ಚಿರುವಾಗ ಪೆಟ್ರೋಲ್ ಬರುವ ದಾರಿಗೆ ಶುದ್ಧವಾದ ಸಣ್ಣ ಪೈಪ್ ಸಿಕ್ಕಿಸಿ ಊದಿ ನೋಡಬಹುದು. ಉಸಿರು ಹೋಗಬಾರದು. ಬೆರಳಿನಿಂದ ಫ್ಲೋಟನ್ನು ಕೊಂಚ ಎತ್ತಿದೊಡನೆ ಸಲೀಸಾಗಿ ಹೋಗಬೇಕು.

ಮೂರನೆಯದು ಫ್ಲೋಟೇ ಭಾರವಾಗುವುದು. ಹಿತ್ತಾಳೆಯ ಟೊಳ್ಳು ಫ್ಲೋಟಿನ ಬೆಸುಗೆ ಬಿಟ್ಟರೆ ಒಳಗೆ ಪೆಟ್ರೋಲ್ ತುಂಬಿಕೊಂಡು ಅದು ತೇಲುವುದನ್ನೇ ಮರೆಯುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಕುಳುಕುಳು ಸದ್ದು ಕೇಳುತ್ತದೆ. ಒಲೆಯಿಂದ ದೂರದಲ್ಲಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ಬಿರುಕಿನಿಂದ ಗುಳ್ಳೆಗಳ ಸಾಲು ಏಳುತ್ತದೆ. ಗಟ್ಟಿ ಫೋಮಿನಂಥ ವಸ್ತುವಿನಿಂದ ಮಾಡಿದ ಫ್ಲೋಟುಗಳು ಹೀಗೆ ಸದ್ದು ಮಾಡುವುದಿಲ್ಲ. ಅವು ವರ್ಷಗಟ್ಟಲೆ ಪೆಟ್ರೋಲ್ ಹೀರುತ್ತ ಸದ್ದಿಲ್ಲದೆ ತೂಕ ಹೆಚ್ಚಿಸಿಕೊಳ್ಳುತ್ತವೆ. ಹೊಸದರ ತೂಕದೊಂದಿಗೆ ಹೋಲಿಸಿ ನೋಡಿದಾಗಲೇ ತಿಳಿಯುವುದು.

ನಾಲ್ಕನೆಯ ಕಾರಣ ಬಟ್ಟಲಿನ ಹೊರಗಿದೆ. ಇಂಜಿನ್ನಿನ ಮೇಲೆ ಕೂರುವ ಹಳೆಯ ಮೆಕ್ಯಾನಿಕಲ್ ಪಂಪುಗಳ ಒತ್ತಡ ಸಾಮಾನ್ಯವಾಗಿ ಚದರ ಇಂಚಿಗೆ 3ರಿಂದ 6 ಪೌಂಡ್, ಅಂದರೆ 3ರಿಂದ 6 ಪಿಎಸ್‌ಐ. ಪಂಪ್ ಕೆಟ್ಟಾಗ ಸುಲಭಕ್ಕೆಂದು ಕೂರಿಸಿದ ಎಲೆಕ್ಟ್ರಿಕ್ ಪಂಪ್ ಇದಕ್ಕಿಂತ ಹೆಚ್ಚು ತಳ್ಳಿದರೆ ಹೊಸ ನೀಡಲ್ ಕೂಡ ತಡೆಯಲಾರದು. ಗೇಜ್ ಹಾಕಿ ಅಳೆದು, ಹೆಚ್ಚಿದ್ದರೆ ರೆಗ್ಯುಲೇಟರ್ ಹಾಕಬೇಕು. ಹೆಚ್ಚುವರಿ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಗಾಡಿಗಳಲ್ಲಿ ಆ ಪೈಪ್ ಕಟ್ಟಿಕೊಂಡರೂ ಫಲ ಇದೇ. ಜೀಪ್ ಸಿಜೆಯ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಮೂರು ಮೂತಿಗಳ ಫಿಲ್ಟರ್ ಇದ್ದು, ರಿಟರ್ನ್ ಮೂತಿ ನೆಟ್ಟಗೆ ಮೇಲ್ಮುಖವಾಗಿರಬೇಕು. ಫಿಲ್ಟರ್ ಬದಲಿಸುವಾಗ ಅದು ಕೆಳಗೆ ತಿರುಗಿದರೆ ಆವಿ ಹೊರಹೋಗಲು ದಾರಿಯಿಲ್ಲದೆ ಕಾದ ಇಂಜಿನ್ ಸತಾಯಿಸುತ್ತದೆ. ಇಷ್ಟು ಸಣ್ಣ ತಪ್ಪಿಗೆ ಇಡೀ ಕಾರ್ಬುರೇಟರ್ ಬಿಚ್ಚಿದವರುಂಟು.

ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ ಝೆನಿತ್ 36 ಐವಿ ಕಾರ್ಬುರೇಟರಿನಲ್ಲಿ ಇನ್ನೊಂದು ಬಗೆಯ ಸೋರಿಕೆ ಪ್ರಸಿದ್ಧವಾಗಿದೆ: ಒಳಗಿನ ಜೆಟ್ ಬ್ಲಾಕ್ ಮತ್ತು ಮೇಲ್ಮುಚ್ಚಳದ ನಡುವಿನ ಪುಟ್ಟ ಓ-ರಿಂಗ್ ಕಾಣೆಯಾದರೆ ಅಥವಾ ಆ ಮುಖಗಳು ಡೊಂಕಾದರೆ ಮಿಶ್ರಣ ವಿಪರೀತ ರಿಚ್ ಆಗುತ್ತದೆ. ಫ್ಲೋಟ್ ಎಷ್ಟು ಸರಿಪಡಿಸಿದರೂ ಅದು ಹೋಗುವುದಿಲ್ಲ. ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40 ಇಟ್ಟುಕೊಂಡವರು ಈ ವಿಷಯದಲ್ಲಿ ಪುಣ್ಯವಂತರು; ಅದರ ಐಸಿನ್ ಕಾರ್ಬುರೇಟರಿನ ಬಟ್ಟಲಿಗೆ ಗಾಜಿನ ಕಿಂಡಿಯಿದ್ದು, ಏನನ್ನೂ ಬಿಚ್ಚದೆ ಮಟ್ಟವನ್ನು ನೋಡಬಹುದು.

ಕಾದ ಮೇಲೆ ಮಾತ್ರ ಬರುವ ಕಾಟ

ಪೆಟ್ರೋಲಿನ ಹಗುರವಾದ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಓಡುತ್ತಿರುವಾಗ ಫ್ಯಾನಿನ ಗಾಳಿ, ಒಳಬರುವ ತಣ್ಣನೆಯ ಪೆಟ್ರೋಲ್ ಇವೆರಡೂ ಕಾರ್ಬುರೇಟರನ್ನು ತಂಪಾಗಿಡುತ್ತವೆ. ಇಂಜಿನ್ ನಿಲ್ಲಿಸಿದೊಡನೆ ಎರಡೂ ನಿಂತು, ಕೆಳಗಿನ ಬಿಸಿ ಮೇಲೇರಿ ಬಟ್ಟಲಿನ ಪೆಟ್ರೋಲ್ ಹಾಲಿನಂತೆ ಉಕ್ಕಿ ನಳಿಕೆಯ ಮೂಲಕ ಇಂಜಿನ್ನಿಗೆ ಇಳಿಯುತ್ತದೆ. ಹತ್ತು ನಿಮಿಷ ನಿಲ್ಲಿಸಿ ಬಂದ ಮೇಲೆ ಸ್ಟಾರ್ಟ್ ಆಗದಿರುವುದಕ್ಕೆ ಇದೇ ಕಾರಣ. ಕಾರ್ಬುರೇಟರಿನ ಕೆಳಗೆ ಬಿಸಿ ದಾಟಿಸದ ದಪ್ಪ ಸ್ಪೇಸರ್ ಹಾಕುವುದರಿಂದ, ಸೈಲೆನ್ಸರ್ ಪೈಪಿನ ಕಡೆಗೆ ತಗಡಿನ ಮರೆ ಕಟ್ಟುವುದರಿಂದ ಬಹಳ ಮಟ್ಟಿಗೆ ಇದು ತಗ್ಗುತ್ತದೆ.

ವೇಪರ್ ಲಾಕ್ ಎಂಬುದು ಇದರ ಸೋದರನಂತೆ ಕಂಡರೂ ಫಲದಲ್ಲಿ ಉಲ್ಟಾ. ಅಲ್ಲಿ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿ, ಗುಳ್ಳೆಯನ್ನು ತಳ್ಳಲಾರದೆ ಪಂಪ್ ಸೋಲುತ್ತದೆ. ಬಟ್ಟಲು ಬರಿದಾಗಿ ಇಂಜಿನ್ ಒಣಗುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದಾಗ ಹರಿವು ಮರಳಿದರೆ ಗುಳ್ಳೆಯೇ ಕಾರಣವೆಂದು ಖಚಿತ.

ಎಥನಾಲ್ ಬೆರೆತ ಪೆಟ್ರೋಲ್ ಈ ಗಾಡಿಗಳ ಕಾಲದಲ್ಲಿ ಸಾಮಾನ್ಯವಾಗಿರಲಿಲ್ಲ. ಶೇಕಡಾ 10ರಷ್ಟು ಎಥನಾಲ್ ಇದ್ದರೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 14.1ಕ್ಕೆ ಇಳಿಯುತ್ತದೆ; ಅಂದರೆ ಹಳೆಯ ಜೆಟ್ಟಿನಲ್ಲೇ ಮಿಶ್ರಣ ತುಸು ಲೀನ್. ಅದಕ್ಕಿಂತ ಹೆಚ್ಚಿನ ತಲೆನೋವು ಹಳೆಯ ರಬ್ಬರಿನದು: ಎಥನಾಲಿಗೆ ಹೊಂದದ ಪೈಪುಗಳೂ ಪಂಪಿನೊಳಗಿನ ಡಯಾಫ್ರಮ್ ಎಂಬ ಬಳುಕುವ ಪೊರೆಗಳೂ ಉಬ್ಬಿ, ಮೆತ್ತಗಾಗಿ, ಅವುಗಳ ಚೂರುಗಳೇ ಕೊನೆಗೆ ನೀಡಲಿಗೆ ಸಿಕ್ಕುತ್ತವೆ.

ಆಕ್ಸಿಲರೇಟರ್ ಬಿಟ್ಟಾಗ ನಿಲ್ಲುವ ಇಂಜಿನ್

ವೇಗವಾಗಿ ತಿರುಗುವಾಗ ಚೆನ್ನಾಗಿದ್ದು, ಆಕ್ಸಿಲರೇಟರ್ ಬಿಟ್ಟೊಡನೆ ಬಂದ್ ಬೀಳುವ ಇಂಜಿನ್ನಿನಲ್ಲಿ ತೊಂದರೆ ಸ್ಲೋ ಸ್ಪೀಡಿನ ದಾರಿಯಲ್ಲಿದೆ. ಪೆಡಲಿಗೆ ತಕ್ಕಂತೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಮುಚ್ಚಿದಾಗ ವೆಂಚುರಿಯಲ್ಲಿ ಸಾಕಷ್ಟು ಗಾಳಿಯ ವೇಗವಿರುವುದಿಲ್ಲವಾದ್ದರಿಂದ, ಥ್ರಾಟಲ್ ತಟ್ಟೆಯ ಕೆಳಗೆ ತೆರೆಯುವ ಬೇರೊಂದು ಸೂಕ್ಷ್ಮ ದಾರಿಯಿಂದ ಪೆಟ್ರೋಲ್ ಬರುತ್ತದೆ. ಇದರ ಜೆಟ್ ಎಲ್ಲಕ್ಕಿಂತ ಸಣ್ಣದು, ಆದ್ದರಿಂದ ಮೊದಲು ಕಟ್ಟಿಕೊಳ್ಳುವುದೂ ಇದೇ. ಜೆಟ್ಟಿಗೆ ತಂತಿ ತೂರಿಸಬಾರದು. ಹಿತ್ತಾಳೆ ಮೆದು, ತೂತು ಹಿಗ್ಗಿದರೆ ಅಳತೆಯೇ ಕೆಟ್ಟಿತು. ಕ್ಲೀನರ್ ದ್ರವ ಮತ್ತು ಕಂಪ್ರೆಸರಿನ ಗಾಳಿ ಸಾಕು. ಅನೇಕ ಕಾರ್ಬುರೇಟರುಗಳಲ್ಲಿ ಈ ದಾರಿಗೆ ವಿದ್ಯುತ್ತಿನ ಸೊಲೆನಾಯ್ಡ್ ಬೀಗವಿರುತ್ತದೆ. ಕೀ ತಿರುಗಿಸಿದಾಗ ಅದು ಟಿಕ್ ಎನ್ನಬೇಕು. ಎನ್ನದಿದ್ದರೆ ವೈರನ್ನು ಮೊದಲು ನೋಡುವುದು.

ವ್ಯಾಕ್ಯೂಮ್ ಲೀಕ್ ಕೂಡ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಪೈಪ್, ಇಂಜಿನ್ನಿನೊಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವಿನ ಪೈಪ್ ಬಿರಿದರೆ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತದೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆ ಜಾಗಗಳಿಗೆ ನೀರನ್ನು ತುಂತುರಾಗಿ ಚಿಮುಕಿಸಿ, ಸದ್ದು ಬದಲಾಗುವ ಜಾಗವನ್ನು ಗುರುತಿಸಬಹುದು. ಬಿಸಿ ಇಂಜಿನ್ನಿನ ಮೇಲೆ ಇದಕ್ಕಾಗಿ ಉರಿಯುವ ಸ್ಪ್ರೇ ಬಳಸುವ ರೂಢಿ ವ್ಯಾಪಕವಾಗಿದ್ದರೂ ನಾನು ಅದನ್ನು ಒಪ್ಪುವುದಿಲ್ಲ.

ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಮುಗ್ಗರಿಸಿ ನಿಂತರೆ, ಪೆಡಲ್ ಒತ್ತಿದೊಡನೆ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ನೋಡಬೇಕು. ಇಂಜಿನ್ ನಿಲ್ಲಿಸಿ, ಥ್ರಾಟಲ್ ಕೈಯಿಂದ ತೆರೆದರೆ ಪೆಟ್ರೋಲಿನ ಗಟ್ಟಿಯಾದ ಧಾರೆ ತಕ್ಷಣ ಚಿಮ್ಮಬೇಕು.

ಕಾರ್ಬುರೇಟರ್ ನಿರಪರಾಧಿಯಾದಾಗ

ಇಪ್ಪತ್ತು ಮೂವತ್ತು ನಿಮಿಷ ಓಡಿ ನಿಧಾನವಾಗಿ ಬಲಗುಂದಿ ನಿಲ್ಲುವ ಗಾಡಿಯ ಟ್ಯಾಂಕಿನ ಮುಚ್ಚಳ ತೆರೆದಾಗ ಹುಸ್ ಎಂದು ಗಾಳಿ ಒಳಗೆಳೆದರೆ, ಮುಚ್ಚಳದ ಉಸಿರುಗಿಂಡಿ ಕಟ್ಟಿಕೊಂಡಿದೆ. ಪ್ಲಗ್ಗಿನ ಕಿಡಿಗೆ ವಿದ್ಯುತ್ ಒದಗಿಸುವ ಭಾಗಗಳಾದ, ಕಾದಾಗ ಸೋಲುವ ಇಗ್ನಿಷನ್ ಕಾಯಿಲ್ ಮತ್ತು ಕೆಟ್ಟ ಕಂಡೆನ್ಸರ್ ಕೂಡ ಓವರ್‌ಫ್ಲೋ ವೇಷ ಹಾಕುತ್ತವೆ: ಕಿಡಿಯಿಲ್ಲದೆ ಪೆಟ್ರೋಲ್ ಉರಿಯದೆ ಪ್ಲಗ್ ಒದ್ದೆಯಾಗುತ್ತದೆ, ದೂರು ಕಾರ್ಬುರೇಟರಿನ ಮೇಲೆ ಬೀಳುತ್ತದೆ. ನಿಂತ ತಕ್ಷಣ ಕಿಡಿ ಪರೀಕ್ಷಿಸಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ; ತಣಿದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎತ್ತರದ ಪ್ರದೇಶವೂ ಒಂದು ಕಾರಣ. ಸಮುದ್ರಮಟ್ಟದಿಂದ 3,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಕಾಲುಭಾಗ ಕಡಿಮೆಯಾಗುವುದರಿಂದ, ಕೆಳಗೆ ಹದವಾಗಿದ್ದ ಜೆಟ್ ಅಲ್ಲಿ ರಿಚ್ ಆಗುತ್ತದೆ.

ಉಕ್ಕಿ ನಿಂತ ಇಂಜಿನ್ನನ್ನು ಎಬ್ಬಿಸುವುದು

ಪೆಟ್ರೋಲ್ ಕುಡಿದು ನಿಂತ ಇಂಜಿನ್ ಹಸಿ ಸೌದೆಯಂತೆ. ಅದಕ್ಕೆ ಬೇಕಿರುವುದು ಗಾಳಿ. ಹ್ಯಾಂಡ್‌ಬ್ರೇಕ್ ಎಳೆದು, ಸಾಧ್ಯವಾದರೆ ಗಾಡಿಯನ್ನು ಸಮತಟ್ಟಿಗೆ ತಂದು, ಪೆಟ್ರೋಲ್ ಹೊರಗೆ ಚೆಲ್ಲಿದ್ದರೆ ಅದು ಆರುವವರೆಗೂ ಕಾಯಬೇಕು. ಚೋಕ್ ಎಳೆದಿದ್ದರೆ ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ಒಂದೇ ಸಲ ಒತ್ತಿ ಹಾಗೆಯೇ ಹಿಡಿದು, ಹತ್ತು ಸೆಕೆಂಡಿಗೆ ಮೀರದಂತೆ ಸೆಲ್ಫ್ ಹೊಡೆಯಬೇಕು. ಪೆಡಲನ್ನು ಮತ್ತೆ ಮತ್ತೆ ತುಳಿದರೆ ಪ್ರತಿ ತುಳಿತಕ್ಕೂ ಆಕ್ಸಿಲರೇಟರ್ ಪಂಪ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಇಂಜಿನ್ ಹಿಡಿದ ಮೇಲೆ ಪೆಡಲನ್ನು ನಿಧಾನವಾಗಿ ಬಿಡುವುದು. ಎರಡು ಮೂರು ಪ್ರಯತ್ನಕ್ಕೂ ಜಗ್ಗದಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ ಒಣಗಿಸಬೇಕಾಗುತ್ತದೆ.

ಗಾಡಿ ಮನೆ ಮುಟ್ಟಿದ ಮೇಲೆ ಡಿಪ್‌ಸ್ಟಿಕ್ ಹೊರತೆಗೆದು ನೋಡಬೇಕು. ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗುಗಳ ಅಂಚಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಪಂಪಿನ ಡಯಾಫ್ರಮ್ ಹರಿದಿದ್ದರೂ ಅಲ್ಲಿಗೇ ಬರುತ್ತದೆ. ಆಯಿಲಿನ ಮಟ್ಟ ಹಿಂದಿಗಿಂತ ಏರಿದ್ದರೆ, ಬೆರಳಿಗೆ ಹಚ್ಚಿದಾಗ ನೀರುನೀರಾಗಿ ಪೆಟ್ರೋಲ್ ವಾಸನೆ ಬಂದರೆ, ಕಾರಣವನ್ನು ಸರಿಪಡಿಸಿ ಆಯಿಲ್ ಮತ್ತು ಫಿಲ್ಟರ್ ಬದಲಿಸುವವರೆಗೂ ಆ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು.